ಸೊನ್ನೆ ನುಂಗಿದವರು ಯಾರು

ಕೊಪ್ಪಲಿನವರೊಬ್ಬರು ಬಟವಾಡೆಯ ಚೀಟಿ ಹಿಡಿದುಕೊಂಡು ಡೈರಿಗೆ ಬಂದು, ತಮಗೆ ದುಡ್ಡು ಹೆಚ್ಚು ಬಂದಿದೆ ಎಂದು ಜಗಳ ತೆಗೆದರಂತೆ. ಕಡಿಮೆ ಬಂತೆಂದು ಕೂಗಾಡುವವರನ್ನು ನನ್ನ ಸೋದರಮಾವ ಇಪ್ಪತ್ತು ವರ್ಷಗಳಿಂದ ನೋಡಿದ್ದಾರೆ. ಹೆಚ್ಚು ಬಂತೆಂದು ಕೂಗಾಡಿದವರು ಇವರೇ ಮೊದಲು. "ನನ್ನ ಹಸು ಗಬ್ಬ. ಹಾಲು ಬತ್ತಿ ತಿಂಗಳಾಯಿತು. ಇದು ಯಾವ ಹಸುವಿನ ಹಾಲು? ಯಾರ ಮನೆಯ ಋಣವನ್ನು ನನ್ನ ತಲೆಗೆ ಕಟ್ಟುತ್ತಿದ್ದೀರಿ?" ಎನ್ನುವುದು ಅವರ ತಕರಾರು. ಮಾವ ಚೀಟಿ ನೋಡಿದರು. ಅವರ ಲೆಕ್ಕದಲ್ಲಿ ಹನ್ನೊಂದು ಲೀಟರ್ ನಾನೂರು ಮಿಲಿಲೀಟರ್ ಹಾಲು ಇದ್ದೇ ಇತ್ತು. ಫ್ಯಾಟ್ ಸಮೇತ.

ರಾತ್ರಿ ಎಂಟೂವರೆಗೆ ಮೈಸೂರಿನಲ್ಲಿದ್ದ ನನಗೆ ಫೋನ್ ಬಂತು. "ಅಳಿಯಂದಿರೇ, ನೀವು ಮಾಡಿಕೊಟ್ಟ ಕಂಪ್ಯೂಟರ್ ಬತ್ತಿದ ಹಸುವಿನಲ್ಲೂ ಹಾಲು ಕರೆಯುತ್ತಿದೆ." ಸಿಟ್ಟು ಬಂದಾಗ ಮಾತ್ರ ಮಾವ ನನ್ನನ್ನು ಬಹುವಚನದಲ್ಲಿ ಮಾತನಾಡಿಸುತ್ತಾರೆ.

ಮಾವ ಪಾಂಡವಪುರ ತಾಲ್ಲೂಕಿನ ಒಂದು ಊರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ವಿ.ಸಿ. ನಾಲೆಯ ಪಕ್ಕದ ಊರು, ಸುತ್ತ ಕಬ್ಬು ಮತ್ತು ಭತ್ತ. ಡೈರಿ ಎಂದರೆ ಒಂದು ಕೋಣೆ, ಒಂದು ತೂಕದ ಯಂತ್ರ, ಹಾಲು ಪರೀಕ್ಷಿಸುವ ಒಂದು ಸಣ್ಣ ಉಪಕರಣ, ಗೋಡೆಗೆ ಒರಗಿಸಿದ ಕ್ಯಾನುಗಳು. ಬೆಳಿಗ್ಗೆ ಆರರಿಂದ ಎಂಟರವರೆಗೆ ಒಂದು ಸರದಿ, ಸಂಜೆ ಇನ್ನೊಂದು. ಹಾಲು ಅಳೆದು, ಮಾದರಿ ತೆಗೆದು, ಫ್ಯಾಟ್ ಎಷ್ಟು, ಎಸ್.ಎನ್.ಎಫ್. (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ನೋಡಿ, ಅದಕ್ಕೆ ತಕ್ಕ ದರ ಹಾಕಿ ಬರೆಯಬೇಕು. ಹಿಂದೆ ಎಲ್ಲವೂ ಪುಸ್ತಕದಲ್ಲಿತ್ತು. ಮಾವನ ಕಣ್ಣಿಗೆ ಪೊರೆ ಬಂದ ಮೇಲೆ, ಪುಸ್ತಕದ ಜಾಗಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಡುತ್ತೇನೆ ಎಂದು ನಾನೇ ಮುಂದೆ ಬಿದ್ದೆ. ಯಾರೂ ಕೇಳಿರಲಿಲ್ಲ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ಪರದೆಯ ಭಾಗಕ್ಕೆ ಟಿಕಿಂಟರ್ ಎಂಬ ಅದರ ಸಲಕರಣೆ ಬಳಸಿದೆ. ಅದಕ್ಕೆ ಕಾರಣ ಸೋಮಾರಿತನ, ಆದರೆ ಕೆಟ್ಟ ಸೋಮಾರಿತನವಲ್ಲ. ಡೈರಿಯ ಕಂಪ್ಯೂಟರ್ ಹಳೆಯದು, ಅಲ್ಲಿ ಇಂಟರ್‌ನೆಟ್ ಬಂದರೆ ಬಂತು. ವಿಂಡೋಸ್‌ನಲ್ಲಿ ಪೈಥಾನ್ ಹಾಕಿದರೆ ಟಿಕಿಂಟರ್ ಅದರ ಜೊತೆಗೇ ಬರುತ್ತದೆ, ಬೇರೇನನ್ನೂ ಇಳಿಸಿಕೊಳ್ಳಬೇಕಿಲ್ಲ. ನೋಡಲು ಅಂದವಿಲ್ಲ ಎಂದು ಹುಡುಗರು ಮೂಗು ಮುರಿಯುತ್ತಾರೆ. ಹಾಲಿನ ಡೈರಿಗೆ ಎಷ್ಟು ಅಂದ ಬೇಕು?

ಟಿಕಿಂಟರ್ ಬಳಸುವ ಬಹುಮಂದಿ ಗಮನಿಸದೆ ಇರುವ ಸಂಗತಿಯೊಂದಿದೆ. ಅದರ ಹೊಟ್ಟೆಯಲ್ಲಿ ಇನ್ನೊಂದು ಭಾಷೆ ಇದೆ. ಟಿಕಲ್ ಎಂದು ಅದರ ಹೆಸರು. ಇಂಗ್ಲಿಷಿನಲ್ಲಿ ಕಚಗುಳಿ ಇಡುವುದಕ್ಕೂ ಅದೇ ಉಚ್ಚಾರಣೆ. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಇದನ್ನು ಕಟ್ಟಿದರು. ಅವರು ಮತ್ತು ಅವರ ವಿದ್ಯಾರ್ಥಿಗಳು ಚಿಪ್ ವಿನ್ಯಾಸಕ್ಕೆ ಬೇಕಾದ ಸಾಧನಗಳನ್ನು ಬರೆಯುತ್ತಿದ್ದ ಕಾಲ. ಪ್ರತಿ ಸಾಧನಕ್ಕೂ ಅದರದೇ ಆದ ಒಂದು ಅರೆಬೆಂದ ಆಜ್ಞಾಭಾಷೆ ಇರುತ್ತಿತ್ತು. ಹಾಗೆ ಹತ್ತು ಅರೆಬೆಂದವುಗಳ ಬದಲು, ಯಾವ ಪ್ರೋಗ್ರಾಮಿನೊಳಗೆ ಬೇಕಾದರೂ ಹೋಗಿ ಕೂರಬಲ್ಲ ಒಂದೇ ಭಾಷೆ ಇರಲಿ ಎಂದು ಅವರು ಹೊರಟರು. ಅಂದರೆ ಟಿಕಲ್ ಹುಟ್ಟಿದ್ದೇ ಪರರ ಮನೆಯಲ್ಲಿ ಇರುವುದಕ್ಕಾಗಿ. ಆಮೇಲೆ ಕಿಟಕಿ, ಗುಂಡಿ, ಪಟ್ಟಿಗಳನ್ನು ಬಿಡಿಸುವ ಟಿಕೆ ಎಂಬ ಸಲಕರಣೆ ಅದಕ್ಕೆ ಸೇರಿಕೊಂಡಿತು. ಈ ಜೋಡಿಗೆ ಎಸಿಎಂ ಎಂಬ ಕಂಪ್ಯೂಟರ್ ತಜ್ಞರ ಸಂಘ ಕೊಡುವ 1997ರ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿಯೂ ಬಂತು. ಪೈಥಾನ್‌ಗೆ ಪರದೆಯ ಸಲಕರಣೆ ಬೇಕಾದಾಗ ಟಿಕೆಯನ್ನು ಅದರ ಯಜಮಾನನ ಸಮೇತ ಒಳಗೆ ಕರೆದುಕೊಂಡಿತು.

ಆದ್ದರಿಂದ ನಾನು ಪೈಥಾನ್‌ನಲ್ಲಿ 'ಇಲ್ಲೊಂದು ಗುಂಡಿ ಇಡು' ಎಂದು ಬರೆದಾಗ, ಪೈಥಾನ್ ಗುಂಡಿಯನ್ನೇನೂ ಇಡುವುದಿಲ್ಲ. ಅದನ್ನು ಟಿಕಲ್ ಆಜ್ಞೆಯಾಗಿ ತಿರುಗಿಸಿ, ಆಜ್ಞೆಗಳನ್ನು ಓದಿ ನಡೆಸುವ ಒಳಗಿನ ಇಂಟರ್‌ಪ್ರಿಟರ್‌ಗೆ ದಾಟಿಸುತ್ತದೆ. ಟಿಕಲ್ ಕೆಲಸ ಮಾಡಿ ಉತ್ತರ ಕೊಡುತ್ತದೆ, ಪೈಥಾನ್ ಆ ಉತ್ತರವನ್ನು ತನ್ನ ಭಾಷೆಗೆ ತಂದು ನನ್ನ ಕೈಗಿಡುತ್ತದೆ. ಎಲ್ಲವೂ ಸರಿಯಿದ್ದಾಗ ಈ ದುಭಾಷಿಯ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಏನಾದರೂ ಕೆಟ್ಟಾಗ ಮಾತ್ರ ಚುಕ್ಕೆ, ಆಶ್ಚರ್ಯಸೂಚಕ, ಆಮೇಲೊಂದು ಹೆಸರು, ಹೀಗೆ ವಿಚಿತ್ರ ವಿಳಾಸಗಳಿರುವ ದೋಷಸಂದೇಶಗಳು ಬರುತ್ತವೆ. ಪೈಥಾನ್ ಗೊತ್ತಿರುವವನಿಗೆ ಅದು ಪೈಥಾನ್ ಅಲ್ಲ ಎಂದು ಕೂಡಲೇ ತಿಳಿಯುತ್ತದೆ. ಏನು ಎಂದು ತಿಳಿಯುವುದಿಲ್ಲ.

ಈ ಒಳಗಿನವನೊಂದಿಗೆ ನನಗೆ ಮೊದಲೇ ಮನಸ್ತಾಪವಿತ್ತು. ಪ್ರೋಗ್ರಾಮನ್ನು ಒಂದೇ ಕಡತವಾಗಿ ಕಟ್ಟಿ ಡೈರಿಯ ಕಂಪ್ಯೂಟರ್‌ಗೆ ಒಯ್ದ ದಿನವೇ ಅದು ಏಳಲಿಲ್ಲ. ಟಿಕಲ್ ಕಣ್ಣು ಬಿಡುವಾಗ ಮೊದಲು ಓದುವ ಒಂದು ಸಣ್ಣ ಕಡತವಿದೆ. ಅದು ಸಿಗಲಿಲ್ಲವೆಂದು ಹಠ ಹಿಡಿದು ಕೂತಿತ್ತು. ಆ ಕಡತ ಎಲ್ಲಿದೆ ಎಂದು ಸಿಸ್ಟಂನ ಪರಿಸರ ಚರವೊಂದರಲ್ಲಿ ಹೇಳಿಕೊಟ್ಟ ಮೇಲೆ ಎದ್ದಿತು. ಅದು ಚಿಲ್ಲರೆ ವಿಷಯ.

ಚಿಲ್ಲರೆಯಲ್ಲದ್ದು ಆಮೇಲೆ ಬಂತು. ದರಪಟ್ಟಿ ತಿದ್ದಲು ಒಂದು ಎರಡನೆಯ ಕಿಟಕಿ ಮಾಡಿದ್ದೆ. ಮಾವ ಅಲ್ಲಿ ಹೊಸ ದರ ಬರೆದು ಉಳಿಸು ಎಂದು ಒತ್ತಿದರೆ, ಖಾಲಿ ದರ ಉಳಿಯುತ್ತಿತ್ತು. ಪೆಟ್ಟಿಗೆಯಲ್ಲಿ ಅಂಕಿ ಕಣ್ಣೆದುರಿಗೇ ಇದೆ, ಓದಿದರೆ ಏನೂ ಇಲ್ಲ. ಒಂದು ಭಾನುವಾರ ಪೂರ್ತಿ ಹೋಯಿತು. ತಪ್ಪು ನನ್ನದೇ. ಎರಡನೆಯ ಕಿಟಕಿಯನ್ನು ಮೊದಲನೆಯದರ ಮರಿಯಾಗಿ ತೆರೆಯುವ ಬದಲು, ಟಿಕೆಯನ್ನು ಹೊಸದಾಗಿ ಇನ್ನೊಮ್ಮೆ ಕರೆದಿದ್ದೆ. ಹಾಗೆ ಕರೆದಾಗಲೆಲ್ಲ ಒಂದು ಹೊಸ ಟಿಕಲ್ ಇಂಟರ್‌ಪ್ರಿಟರ್ ಹುಟ್ಟುತ್ತದೆ. ಒಂದಕ್ಕೆ ಇನ್ನೊಂದರ ಪರಿಚಯವೇ ಇರುವುದಿಲ್ಲ. ನಾನು ಮಾಡಿದ ಚರ, ಅಂದರೆ ಅಂಕಿ ಇಟ್ಟುಕೊಳ್ಳುವ ಹೆಸರಿಟ್ಟ ಡಬ್ಬಿ, ಯಾರದು ಎಂದು ಹೇಳದೆ ಇದ್ದುದರಿಂದ, ಮೊದಲನೆಯ ಇಂಟರ್‌ಪ್ರಿಟರ್‌ಗೆ ಸೇರಿಕೊಂಡಿತ್ತು. ಎರಡನೆಯದರಲ್ಲಿದ್ದ ಪೆಟ್ಟಿಗೆ ಅದೇ ಹೆಸರು ಹಿಡಿದು ತನ್ನ ಮನೆಯಲ್ಲಿ ಹುಡುಕಿತು, ಸಿಗದಿದ್ದಾಗ ತಾನೇ ಒಂದನ್ನು ಮಾಡಿಕೊಂಡು ಅದರಲ್ಲಿ ಅಂಕಿ ಬರೆದುಕೊಂಡಿತು. ಹೆಸರು ಒಂದೇ, ಚರ ಎರಡು. ನಾನು ಓದುತ್ತಿದ್ದುದು ಪಕ್ಕದ ಮನೆಯ ಖಾಲಿ ಡಬ್ಬಿಯನ್ನು.

ಮೂರನೆಯದು ಕನ್ನಡದವರಿಗೆ ಮಾತ್ರ ಗೊತ್ತಾಗುವ ನೋವು. ಮನೆಯಲ್ಲಿ ನಾನು ಬಳಸುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಬೇರೆ ಕಾರ್ಯಾಚರಣ ವ್ಯವಸ್ಥೆ. ಅದರ ಮೇಲೆ ಟಿಕೆಯ 8.6ನೆಯ ಆವೃತ್ತಿ ಒತ್ತಕ್ಷರಗಳನ್ನು ಕೂಡಿಸುವುದಿಲ್ಲ. 'ಮಂಡ್ಯ' ಎಂಬ ಪದ ಕಂಪ್ಯೂಟರಿನ ಕಡತದಲ್ಲಿ ಐದು ಸಂಕೇತಗಳಾಗಿ ಇರುತ್ತದೆ: ಮ, ಸೊನ್ನೆ, ಡ, ಅರ್ಧಾಕ್ಷರದ ಕೊಂಡಿ, ಯ. ಡ ಮತ್ತು ಯ ನಡುವೆ ಕೊಂಡಿ ಬಂದರೆ ಯ ಒತ್ತಾಗಬೇಕು ಎಂದು ಯಾರೋ ಕೂತು ಜೋಡಿಸಬೇಕು. ವಿಂಡೋಸ್‌ನಲ್ಲಿ ಆ ಕೆಲಸವನ್ನು ವಿಂಡೋಸ್ ತಾನೇ ಮಾಡುತ್ತದೆ. ಲಿನಕ್ಸ್‌ನಲ್ಲಿ ಅದಕ್ಕೆಂದೇ ಇರುವ ಕೋಡ್ ಗ್ರಂಥಾಲಯವನ್ನು ಟಿಕೆ ಕರೆಯುವುದಿಲ್ಲ, ಅಕ್ಷರಗಳನ್ನು ಒಂದರ ಪಕ್ಕ ಒಂದನ್ನು ಇಟ್ಟುಕೊಂಡು ಹೋಗುತ್ತದೆ. ಹಾಗಾಗಿ ನನ್ನ ಮನೆಯ ಪರದೆಯಲ್ಲಿ ಅದು 'ಮಂಡ್‌ಯ'. ಫಾಂಟ್ ಸರಿಯಿಲ್ಲವೆಂದು ಮೂರು ಫಾಂಟ್ ಬದಲಾಯಿಸಿದೆ. ಫಾಂಟಿನ ತಪ್ಪೇನೂ ಇರಲಿಲ್ಲ. ಕೊನೆಗೆ, ಡೈರಿಯಲ್ಲಿ ಸರಿ ಕಾಣುತ್ತದಲ್ಲ ಎಂದು ಬಿಟ್ಟುಬಿಟ್ಟೆ. ಈ ಬಿಟ್ಟುಬಿಟ್ಟದ್ದು ಮುಂದೆ ಒಂದು ಕಡೆ ಅಡ್ಡ ಬರುತ್ತದೆ.

ಇಷ್ಟೆಲ್ಲ ಹಳೆಯ ಲೆಕ್ಕ ಇದ್ದುದರಿಂದಲೇ, ಮಾವನ ಫೋನ್ ಬಂದ ರಾತ್ರಿ ನನ್ನ ಬೆರಳು ನೇರ ಟಿಕಲ್ ಕಡೆಗೆ ಹೋಯಿತು.

ಊರಿನ ಸದಸ್ಯ ಸಂಖ್ಯೆಗಳ ಬಗ್ಗೆ ಇಲ್ಲಿ ಹೇಳಬೇಕು. ಹಳೆಯ ಪುಸ್ತಕದಲ್ಲಿ ಮೂಲ ಊರಿನವರಿಗೆ ನಾಲ್ಕು ಅಂಕಿಯ ಸಂಖ್ಯೆ ಇತ್ತು: 0001, 0002, ಹೀಗೆ. ಆಮೇಲೆ ನಾಲೆಯಾಚೆಯ ಕೊಪ್ಪಲಿನವರು ಸೇರಿದಾಗ ಅವರಿಗೆ ಬೇರೆ ಪುಸ್ತಕ ಹಾಕಿ 1, 2, 3 ಎಂದು ಕೊಟ್ಟುಕೊಂಡು ಹೋದರು. ಪುಸ್ತಕ ಎರಡು, ಮೇಜು ಎರಡು, ಗೊಂದಲವೇ ಇರಲಿಲ್ಲ. ನಾನು ಬಂದು ಎರಡನ್ನೂ ಒಂದೇ ಪಟ್ಟಿಗೆ ಸುರಿದೆ. ಸೊನ್ನೆ ಇರುವವರು ಊರಿನವರು, ಇಲ್ಲದವರು ಕೊಪ್ಪಲಿನವರು. ಸಂಖ್ಯೆಗಳನ್ನು ಸಂಖ್ಯೆಯಾಗಿ ಅಲ್ಲ, ಅಕ್ಷರಗಳ ಸಾಲಾಗಿ, ಅಂದರೆ ಸ್ಟ್ರಿಂಗ್ ಆಗಿ ಇಟ್ಟಿದ್ದೆ. ಅಷ್ಟು ಬುದ್ಧಿ ನನಗಿದೆ ಎಂದು ಹೆಮ್ಮೆಯೂ ಪಟ್ಟಿದ್ದೆ.

ಹಾಲು ಬತ್ತಿದ ಹಸುವಿನ ಯಜಮಾನರ ಸಂಖ್ಯೆ 47. ಊರಿನ 0047 ಒಬ್ಬ ಅಜ್ಜಿಯದು. ಆಕೆಗೆ ಓದು ಬರಹ ಬಾರದು, ಆದರೆ ಯಾವ ಹೊತ್ತು ಎಷ್ಟು ಹಾಲು ಹಾಕಿದೆ ಎನ್ನುವುದು ಬಾಯಿಪಾಠ. ಎರಡು ಬಟವಾಡೆಗಳಿಂದ ತನ್ನ ದುಡ್ಡು ಕಡಿಮೆ ಎಂದು ಆಕೆ ಹೇಳುತ್ತಲೇ ಇದ್ದರಂತೆ. ಫ್ಯಾಟ್ ಕಡಿಮೆ ಬಂದಿರಬೇಕು ಅಜ್ಜಿ, ಎಂದು ಹೇಳಿ ಕಳಿಸಿದ್ದರು. ಇದನ್ನು ಹೇಳುವಾಗ ಮಾವನ ದನಿ ಇಳಿಯಿತು. ನನಗೂ ಮಾತು ಹೊರಡಲಿಲ್ಲ.

ಎಲ್ಲ ನಮೂದುಗಳೂ ತಪ್ಪಾಗಿರಲಿಲ್ಲ. ಅದೇ ನನ್ನನ್ನು ಸುತ್ತಿಸಿದ್ದು. ಅಜ್ಜಿಯ ಇಪ್ಪತ್ತೆಂಟು ಸರದಿಗಳಲ್ಲಿ ಎರಡು ಮಾತ್ರ ಕೊಪ್ಪಲಿಗೆ ಹೋಗಿದ್ದವು. ಡೈರಿಯ ಹುಡುಗನನ್ನು ಫೋನಿನಲ್ಲಿ ಕೇಳುತ್ತಾ ಹೋದಾಗ ವಿಷಯ ಬಿಚ್ಚಿಕೊಂಡಿತು. ಅವಸರದಲ್ಲಿ 4.1 ಎಂಬ ಫ್ಯಾಟ್ 41 ಆಗಿಬಿಡುತ್ತಿತ್ತು. ಆಗ ಅವನು ಪರದೆಯ ಪಟ್ಟಿಯಲ್ಲಿ ಆ ಸಾಲನ್ನು ಆರಿಸಿ, ತಿದ್ದಿ, ಉಳಿಸುತ್ತಿದ್ದ. ತಿದ್ದಿದ ನಮೂದುಗಳು ಮಾತ್ರ ದಾರಿ ತಪ್ಪಿದ್ದವು. ಹಳೆಯ ನಮೂದನ್ನು ಅಳಿಸಿ ಹೊಸದನ್ನು ಬರೆಯುವುದು ನನ್ನ ಪದ್ಧತಿ. ಹೊಸದನ್ನು ಬರೆಯುವಾಗ ಸದಸ್ಯ ಸಂಖ್ಯೆಯನ್ನು ಪರದೆಯ ಪಟ್ಟಿಯಿಂದಲೇ ಓದಿಕೊಳ್ಳುತ್ತಿದ್ದೆ. ಆ ಓದಿನಲ್ಲಿ 0047 ಹೋಗಿ 47 ಬರುತ್ತಿತ್ತು. ಕೊಪ್ಪಲಿನಲ್ಲಿ ಅರವತ್ತೇ ಮಂದಿ ಇದ್ದುದರಿಂದ, 0060 ದಾಟಿದವರಿಗೆ 'ಇಂಥ ಸಂಖ್ಯೆ ಇಲ್ಲ' ಎಂಬ ಎಚ್ಚರಿಕೆ ಬರುತ್ತಿತ್ತು. ಹುಡುಗ ಅದನ್ನು ಯಾರಿಗೂ ಹೇಳಿರಲಿಲ್ಲ. ಕಂಪ್ಯೂಟರ್ ಅಂದ ಮೇಲೆ ಅಷ್ಟಿಷ್ಟು ಇರುತ್ತದೆ ಎಂದುಕೊಂಡು ಹೊಸದಾಗಿ ನಮೂದಿಸಿಬಿಡುತ್ತಿದ್ದ.

ಪಟ್ಟಿ ತೋರಿಸುವ ಆ ವಿಜೆಟ್‌ನ ಹೆಸರು ಟ್ರೀವ್ಯೂ. ಅದು ಟಿಕೆಯ ಕಡೆಯದು. ಟಿಕಲ್‌ಗೆ ಒಂದು ಹಳೆಯ ಚಾಳಿ ಇರುವುದನ್ನು ನಾನು ಓದಿದ್ದೆ: 8.6ರವರೆಗಿನ ಆವೃತ್ತಿಗಳಲ್ಲಿ, ಲೆಕ್ಕ ಮಾಡುವಾಗ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಕಂಡರೆ ಅದನ್ನು ಎಂಟರ ಬುಡದಲ್ಲಿ ಎಣಿಸುತ್ತದೆ. 010 ಅಂದರೆ ಅದಕ್ಕೆ ಎಂಟು. 08 ಎಂದರೆ ಮುನಿಸಿಕೊಳ್ಳುತ್ತದೆ, ಎಂಟರ ಬುಡದಲ್ಲಿ ಎಂಟು ಎಂಬ ಅಂಕಿಯೇ ಇಲ್ಲವಲ್ಲ. 2024ರಲ್ಲಿ ಬಂದ 9.0ರಲ್ಲಿ ಈ ಚಾಳಿ ಬಿಡಿಸಿದ್ದಾರೆ. ಡೈರಿಯಲ್ಲಿದ್ದುದು 8.6. ಇನ್ನೇನು ಬೇಕು? ಸೊನ್ನೆಗೂ ಟಿಕಲ್‌ಗೂ ಹಳೆಯ ದ್ವೇಷ ಎಂದು ತೀರ್ಪು ಕೊಟ್ಟುಬಿಟ್ಟೆ.

ಮರುದಿನ ಮಾವನಿಗೂ ಇದನ್ನೇ ವಿವರಿಸಿದೆ. ಹಿಂದೆ ರೂಪಾಯಿಗೆ ಹದಿನಾರು ಆಣೆ ಇರಲಿಲ್ಲವೇ, ಹಾಗೆ ಇದಕ್ಕೆ ಎಂಟಕ್ಕೆ ಒಂದು ಕಟ್ಟು ಎಂದೆ. ಮಾವ ಸುಮ್ಮನಿದ್ದರು. ಲೆಕ್ಕ ಹಾಕುತ್ತಿದ್ದರು ಎಂದು ಆಮೇಲೆ ತಿಳಿಯಿತು.

"ನಾಲ್ಕೆಂಟಲಿ ಮೂವತ್ತೆರಡು, ಅದಕ್ಕೆ ಏಳು. ಮೂವತ್ತೊಂಬತ್ತು. ಹಾಗಿದ್ದರೆ ಅಜ್ಜಿಯ ಹಾಲು ಮೂವತ್ತೊಂಬತ್ತನೆಯ ನಂಬರಿಗೆ ಹೋಗಬೇಕಿತ್ತಲ್ಲಪ್ಪ? ನಲವತ್ತೇಳಕ್ಕೆ ಯಾಕೆ ಹೋಯಿತು?"

"ಒಳಗೆ ಬೇರೆ ಬೇರೆ ನಡೆಯುತ್ತದೆ ಮಾವ" ಎಂದೆ. ಈಗ ನೆನೆದರೆ ಮೈ ಹಿಡಿಯಾಗುತ್ತದೆ. ಪೊರೆ ಬಂದ ಕಣ್ಣಿಗೆ ಕಂಡದ್ದು ನನಗೆ ಕಾಣಲಿಲ್ಲ.

ಅಂದು ಸಂಜೆ ದೇವರಾಜ ಮಾರುಕಟ್ಟೆಗೆ ಹೋಗಿ, ವೀಳ್ಯದೆಲೆ ಮತ್ತು ಹೂವು ತೆಗೆದುಕೊಂಡು ದೊಡ್ಡ ಗಡಿಯಾರದ ಕಡೆಗೆ ಬಂದೆ. ನಾಲ್ವಡಿಯವರ ಆಳ್ವಿಕೆಯ ರಜತೋತ್ಸವಕ್ಕೆಂದು 1927ರಲ್ಲಿ ಕಟ್ಟಿದ ಗೋಪುರ ಅದು. ಹುಟ್ಟಿದಾಗಿನಿಂದ ನೋಡಿದ್ದೇನೆ. ಅದರ ಮುಖದಲ್ಲಿ ಅಂಕಿಗಳು ಕನ್ನಡದಲ್ಲಿವೆ. ಆವತ್ತು ಅದನ್ನು ನೋಡುತ್ತಾ ನಿಂತಾಗ ಒಂದು ಕಿಡಿಗೇಡಿ ಉಪಾಯ ಹೊಳೆಯಿತು. ಸದಸ್ಯ ಸಂಖ್ಯೆಗಳನ್ನು ಕನ್ನಡ ಅಂಕಿಗಳಲ್ಲಿ ತೋರಿಸಿದರೆ? ಟಿಕಲ್‌ಗೆ ಲೆಕ್ಕ ಮಾಡಲು ಗೊತ್ತಿರುವುದು 0, 1, 2, 3 ಮಾತ್ರ. ೦೦೪೭ ಎಂದು ಕೊಟ್ಟರೆ ಅದರ ಪಾಲಿಗೆ ಅದು ಸಂಖ್ಯೆಯೇ ಅಲ್ಲ, ನಾಲ್ಕು ಅಕ್ಷರ ಅಷ್ಟೆ. ಮುಟ್ಟಲು ಹೋಗುವುದಿಲ್ಲ. ಹಳೆಯ ಪುಸ್ತಕದಲ್ಲೂ ಕನ್ನಡ ಅಂಕಿಗಳೇ ಇದ್ದುದರಿಂದ ಮಾವನಿಗೂ ಖುಷಿಯಾಗುತ್ತದೆ. ದೋಷ ಹೋಗುತ್ತದೆ, ಕನ್ನಡಾಭಿಮಾನವೂ ಮೆರೆಯುತ್ತದೆ.

ಮನೆಗೆ ಬಂದು ಹತ್ತು ಸಂಖ್ಯೆಗಳನ್ನು ಕನ್ನಡದಲ್ಲಿ ಕುಟ್ಟಿ ಪಟ್ಟಿಗೆ ಹಾಕಿದೆ. ಪರದೆಯಲ್ಲಿ ೦೦೪೭ ಎಂದು ಚೆನ್ನಾಗಿ ಕಂಡಿತು. ಸಾಲನ್ನು ಆರಿಸಿ ಓದಿದೆ.

47.

ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಸೊನ್ನೆಗಳು ಹೋದದ್ದಷ್ಟೇ ಅಲ್ಲ, ಅಂಕಿಗಳ ಲಿಪಿಯೇ ಬದಲಾಗಿತ್ತು. ಕನ್ನಡದ ೪೭ನ್ನು ಯಾರೋ ಓದಿ, ಅರ್ಥ ಮಾಡಿಕೊಂಡು, ನಲವತ್ತೇಳು ಎಂಬ ಬೆಲೆಯನ್ನು ಹಿಡಿದು, ಅದನ್ನು ಇಂಗ್ಲಿಷ್ ಅಂಕಿಗಳಲ್ಲಿ ನನ್ನ ಮುಂದಿಟ್ಟಿದ್ದರು. ಇಲ್ಲಿ ಕನ್ನಡ ಲೆಕ್ಕ ಬರುವವರು ಒಬ್ಬರು ಇದ್ದಾರೆ. ಅವರು ಟಿಕಲ್ ಅಲ್ಲ.

ಪೈಥಾನ್‌ಗೆ ಬರುತ್ತದೆ. ಒಂದು ಸ್ಟ್ರಿಂಗನ್ನು ಪೂರ್ಣಾಂಕ ಮಾಡು ಎಂದರೆ ಅದು ಕನ್ನಡ, ದೇವನಾಗರಿ, ಅರಬ್ಬಿ, ಯುನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಮಾನಕ) ದಶಮಾಂಶ ಅಂಕಿ ಎಂದು ಗುರುತಿಸಿದ ಯಾವ ಲಿಪಿಯ ಅಂಕಿಯನ್ನಾದರೂ ಓದುತ್ತದೆ. ಮುಂದಿನ ಸೊನ್ನೆಗಳನ್ನು ತಕರಾರಿಲ್ಲದೆ ಬಿಡುತ್ತದೆ. ತಮಾಷೆಯೆಂದರೆ, ಪೈಥಾನ್ 3ರ ಪ್ರೋಗ್ರಾಮಿನಲ್ಲಿ ನಾವೇ 0047 ಎಂಬ ಸಂಖ್ಯೆ ಬರೆದರೆ ವ್ಯಾಕರಣ ತಪ್ಪು ಎಂದು ಗದರುತ್ತದೆ. ಸ್ಟ್ರಿಂಗ್ ಆಗಿ ಕೊಟ್ಟರೆ ಅದೇ 0047ನ್ನು ನುಂಗಿ ನೀರು ಕುಡಿಯುತ್ತದೆ.

ಹತ್ತರಲ್ಲಿ ಒಂದು ಸಂಖ್ಯೆ ಮಾತ್ರ ಕನ್ನಡದಲ್ಲೇ ಉಳಿದಿತ್ತು. ಹನ್ನೆರಡನೆಯ ಸದಸ್ಯರದು. ಇದೇನು ಇವರಿಗೆ ಮಾತ್ರ ವಿನಾಯಿತಿ ಎಂದು ಅಕ್ಷರ ಅಕ್ಷರ ಬಿಡಿಸಿ ನೋಡಿದೆ. ಮೊದಲನೆಯ ಸೊನ್ನೆ ಸೊನ್ನೆಯಾಗಿರಲಿಲ್ಲ. ಅವಸರದಲ್ಲಿ ಅನುಸ್ವಾರ ಕುಟ್ಟಿದ್ದೆ. ಅಂಕಿಯ ಸೊನ್ನೆಗೆ ಯುನಿಕೋಡ್‌ನಲ್ಲಿ ಒಂದು ಜಾಗ, ಅನುಸ್ವಾರಕ್ಕೆ ಬೇರೆ ಜಾಗ. ಕಣ್ಣಿಗೆ ಎರಡೂ ಒಂದೇ ಉಂಗುರ. ತನ್ನ ಹಿಂದೆ ಅಕ್ಷರವಿಲ್ಲದ ಅನುಸ್ವಾರವನ್ನು ವಿಂಡೋಸ್ ಆಗಿದ್ದರೆ ಚುಕ್ಕೆಗಳ ವೃತ್ತ ಹಾಕಿ ತೋರಿಸಿಕೊಡುತ್ತಿತ್ತು. ನನ್ನ ಲಿನಕ್ಸ್‌ನ ಟಿಕೆ ಅದನ್ನೂ ಸುಮ್ಮನೆ ಪಕ್ಕದಲ್ಲಿಟ್ಟು ಮುಂದೆ ಹೋಗಿತ್ತು. ನಾನು ಬಿಟ್ಟುಬಿಟ್ಟ ದೋಷ ಅಡ್ಡ ಬಂದದ್ದು ಇಲ್ಲಿ, ಆದರೆ ಉಪಕಾರವನ್ನೇ ಮಾಡಿತು. ಅನುಸ್ವಾರ ಇದ್ದರೆ ಪೂರ್ಣಾಂಕವಾಗದು, ಆಗದಿದ್ದರೆ ಇದ್ದ ಹಾಗೇ ಬಿಡುತ್ತಾರೆ. ಅಂದರೆ ಯಾರೋ ಪ್ರತಿಯೊಂದನ್ನೂ ಪೂರ್ಣಾಂಕ ಮಾಡಲು ಯತ್ನಿಸುತ್ತಿದ್ದಾರೆ, ಆಗದಿದ್ದರೆ ಸುಮ್ಮನಾಗುತ್ತಿದ್ದಾರೆ. ಕಳ್ಳನ ಕೈಚಳಕ ಪೂರ್ತಿ ಗೊತ್ತಾಯಿತು. ಮನೆ ಮಾತ್ರ ಉಳಿದಿತ್ತು.

ಶನಿವಾರ ಊರಿಗೆ ಹೋದೆ. ಸಂಜೆಯ ಸರದಿ ಮುಗಿದು, ಹುಡುಗ ನೆಲ ತೊಳೆದು ಹೋದ ಮೇಲೆ, ಮಾವ ಮತ್ತು ನಾನು ಕಂಪ್ಯೂಟರ್ ಮುಂದೆ ಕೂತೆವು. ಹೊರಗಡೆ ಎಲ್ಲೋ ಆಲೆಮನೆಯಿಂದ ಬೆಲ್ಲ ಕಾಯಿಸುವ ವಾಸನೆ. ಟಿಕಿಂಟರ್ ಒಂದು ಸೌಕರ್ಯ ಕೊಟ್ಟಿದೆ, ಅದನ್ನು ಮೊದಲ ದಿನವೇ ಬಳಸಬೇಕಿತ್ತು. ನಡುವಿನ ಸುಂದರ ಹೊದಿಕೆಯನ್ನೆಲ್ಲ ಬಿಟ್ಟು ಒಳಗಿನ ಟಿಕಲ್ ಇಂಟರ್‌ಪ್ರಿಟರ್‌ನ್ನೇ ನೇರವಾಗಿ ಕೇಳಬಹುದು. ಮೊದಲು ನಿನ್ನ ಆವೃತ್ತಿ ಯಾವುದು ಎಂದು ಕೇಳಿದೆ, 8.6 ಎಂದಿತು. ಆಮೇಲೆ ಅಜ್ಜಿಯ ಸಾಲಿನಲ್ಲಿ ಏನೇನಿದೆ ಹೇಳು ಎಂದೆ. ಪರದೆಯ ಮೇಲೆ 0047 ಬಂತು. ಎರಡು ಸೊನ್ನೆಗಳೂ ನೆಟ್ಟಗೆ ನಿಂತಿದ್ದವು. ಅದೇ ಪ್ರಶ್ನೆಯನ್ನು ಎಂದಿನಂತೆ ಪೈಥಾನ್ ಮೂಲಕ ಕೇಳಿದೆ. 47.

"ಒಳಗಿನವನು ಸರಿಯಾಗಿಯೇ ಹೇಳುತ್ತಿದ್ದಾನೆ" ಎಂದೆ.

"ನಡುವೆ ನಿಂತು ಹೇಳುವವನು?"

"ಅವನೇ."

ಪೈಥಾನ್ ಜೊತೆಗೇ ಬರುವ, ಈ ದುಭಾಷಿಯ ಕೆಲಸ ಮಾಡುವ ಕಡತವನ್ನು ತೆರೆದು ನೋಡಿದೆ. ಟಿಕಲ್ ಕೊಟ್ಟ ಬೆಲೆಯನ್ನು, ಅಂದರೆ ಅಲ್ಲಿ ಬರೆದಿರುವ ಅಂಕಿ-ಅಕ್ಷರಗಳನ್ನು, ಪೈಥಾನ್‌ಗೆ ತರುವ ಒಂದು ಪುಟ್ಟ ಫಂಕ್ಷನ್ ಅಲ್ಲಿದೆ. ಐದಾರು ಸಾಲು. ಬಂದದ್ದನ್ನು ಸ್ಟ್ರಿಂಗ್ ಮಾಡು, ಪೂರ್ಣಾಂಕವಾಗುತ್ತದೆಯೇ ನೋಡು, ಆದರೆ ಅದನ್ನೇ ಕೊಡು, ಆಗದಿದ್ದರೆ ಸುಮ್ಮನಿರು. ಅದರ ತಲೆಯ ಮೇಲೆ ಬರೆದವರು ಒಂದು ಸಾಲಿನ ವಿವರಣೆ ಇಟ್ಟಿದ್ದಾರೆ. ಬೆಲೆಯನ್ನು ಇನ್ನಷ್ಟು ಸೂಕ್ತವಾದ ಪೈಥಾನ್ ವಸ್ತುವಾಗಿ ಬದಲಿಸುತ್ತದೆ ಎನ್ನುವ ಆ ಸಾಲಿನ ನಡುವೆ ಅವರು 'ಆಶಾದಾಯಕವಾಗಿ' ಎಂಬರ್ಥದ ಒಂದು ಪದವನ್ನೂ ಸೇರಿಸಿದ್ದಾರೆ. ಮಾವನಿಗೆ ಅನುವಾದಿಸಿ ಹೇಳಿದೆ. "ದೇವರಿದ್ದಾನೆ ಎಂದು ಬರೆದಂತಾಯಿತು" ಎಂದರು.

ಬರೆದವರನ್ನು ನಾನು ಬೈಯಲಾರೆ. ಟಿಕಲ್‌ನಿಂದ ಬರುವುದೆಲ್ಲ ಮೂಲತಃ ಅಕ್ಷರಗಳೇ. ಪಟ್ಟಿಯ ಒಂದು ಕಂಬಸಾಲಿನ (ಕಾಲಂನ) ಅಗಲ ಎಷ್ಟು ಎಂದು ಕೇಳಿದಾಗ 200 ಎಂಬ ಸ್ಟ್ರಿಂಗ್ ಬಂದರೆ ಯಾರಿಗೆ ಬೇಕು? ಸಂಖ್ಯೆಯಾಗಿ ಬರಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ಅಗಲಕ್ಕೂ ಅಜ್ಜಿಯ ಸದಸ್ಯ ಸಂಖ್ಯೆಗೂ ಇರುವ ವ್ಯತ್ಯಾಸ ಆ ಐದು ಸಾಲಿಗೆ ತಿಳಿಯುವುದಾದರೂ ಹೇಗೆ? ಇನ್ನೂ ವಿಚಿತ್ರವಿದೆ. ಸಾಲಿನ ಎಲ್ಲ ವಿವರಗಳನ್ನು ಒಟ್ಟಿಗೆ ಕೊಡು ಎಂದರೆ ಮಾತ್ರ ಈ ಫಂಕ್ಷನ್ ನಡುವೆ ಬರುತ್ತದೆ. ಬೆಲೆಗಳನ್ನು ಮಾತ್ರ ಕೊಡು ಎಂದು ಹೆಸರು ಹಿಡಿದು ಕೇಳಿದರೆ, ಅಥವಾ ಒಂದು ಕಂಬಸಾಲಿನದನ್ನು ಮಾತ್ರ ಕೇಳಿದರೆ, ಸೊನ್ನೆಗಳ ಸಮೇತ ಇದ್ದದ್ದು ಇದ್ದ ಹಾಗೆ ಸಿಗುತ್ತದೆ. ಒಂದೇ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಕೇಳಿದರೆ ಎರಡು ಉತ್ತರ. ನಾನು ಕೇಳಿದ್ದು ಒಟ್ಟಿಗೆ, ಬರೆಯಲು ಸುಲಭ ಎಂದು.

ತಿದ್ದಿದ್ದು ಒಂದೇ ಸಾಲು. ಕಂಬಸಾಲಿನ ಹೆಸರು ಹೇಳಿ ಓದುವ ಹಾಗೆ ಮಾಡಿದೆ, ಮೂರು ನಿಮಿಷದ ಕೆಲಸ. ಅದರ ಜೊತೆಗೆ, ಸದಸ್ಯ ಸಂಖ್ಯೆಯನ್ನು ಪರದೆಯಿಂದ ಓದುವುದನ್ನೇ ಬಿಟ್ಟು ಲೆಕ್ಕದ ಕಡತದಿಂದ ತರುವ ಹಾಗೆ ಮಾಡಲು ಇನ್ನರ್ಧ ಗಂಟೆ ಹಿಡಿಯಿತು. ಪರದೆ ತೋರಿಸುವುದಕ್ಕಿರುವುದು, ಅದನ್ನೇ ದಾಖಲೆ ಪುಸ್ತಕ ಮಾಡಿಕೊಂಡದ್ದು ನನ್ನ ಅಪರಾಧ, ಟಿಕಲ್‌ದೂ ಅಲ್ಲ, ಪೈಥಾನ್‌ದೂ ಅಲ್ಲ. ಕನ್ನಡ ಅಂಕಿಗಳನ್ನು ಮಾವ ಬೇಡ ಎಂದರು. ಹುಡುಗನಿಗೆ ೬ ಮತ್ತು ೯ ಒಂದೇ ಥರ ಕಾಣುತ್ತವಂತೆ.

ಆಮೇಲೆ ಹಳೆಯ ನಮೂದುಗಳನ್ನು ಸರಿಪಡಿಸುವ ಕೆಲಸ. ಪ್ರೋಗ್ರಾಮಿನಿಂದ ಮಾಡೋಣ ಎಂದರೆ ಮಾವ ಒಪ್ಪಲಿಲ್ಲ. ಹಾಲು ಹಾಕಿದವರ ಕೈಯಲ್ಲಿದ್ದ ಚೀಟಿಗಳನ್ನು ತರಿಸಿ, ಒಂದೊಂದನ್ನೇ ನೋಡಿ, ಹದಿನೇಳು ನಮೂದುಗಳನ್ನು ಕೈಯಾರೆ ಅವರವರ ಮನೆಗೆ ಮುಟ್ಟಿಸಿದೆವು. ಭಾನುವಾರ ಬೆಳಿಗ್ಗೆ ಅಜ್ಜಿ ಬಂದಾಗ ಮಾವ ಎದ್ದು ನಿಂತು ಹಣ ಕೊಟ್ಟರು. ಆಕೆ ಎಣಿಸಿ ಸೆರಗಿಗೆ ಕಟ್ಟಿಕೊಂಡರು. "ಫ್ಯಾಟು ಕಡಿಮೆ ಅಂದಿರಲ್ಲ" ಎಂದಷ್ಟೇ ಹೇಳಿ, ಖಾಲಿ ಪಾತ್ರೆ ಎತ್ತಿಕೊಂಡು ಹೊರಟರು. ತಪ್ಪು ನನ್ನದು ಅಜ್ಜಿ ಎಂದೆ. ಕೇಳಿಸಿತೋ ಇಲ್ಲವೋ.

ಟಿಕಿಂಟರ್‌ನ್ನು ನಾನು ಈಗಲೂ ಬಿಟ್ಟಿಲ್ಲ. ಮನೆಯ ಲಿನಕ್ಸ್‌ನಲ್ಲಿ ಮಂಡ್ಯ ಈಗಲೂ ಒಡೆದೇ ಕಾಣುತ್ತದೆ. ಏನಾದರೂ ಎಡವಟ್ಟಾದರೆ ಈಗ ಮೊದಲು ಟಿಕಲ್‌ನ್ನೇ ನೇರ ಕೇಳುತ್ತೇನೆ, ಆಮೇಲೆ ನಡುವಿನವನನ್ನು. ಎರಡು ಉತ್ತರ ಒಂದೇ ಆಗಿದ್ದರೆ ನನ್ನ ಕೋಡ್ ತೆರೆಯುತ್ತೇನೆ. ಹೆಚ್ಚಿನ ಸಲ ತೆರೆಯಬೇಕಾಗುತ್ತದೆ.

ಮೂರು ವಾರಗಳ ನಂತರ ಮತ್ತೆ ಊರಿಗೆ ಹೋಗಿದ್ದೆ. ಮೈಸೂರಿಗೆ ಹೊರಡುವ ಹೊತ್ತಿಗೆ ಕೊಪ್ಪಲಿನವರು ಸೈಕಲ್ಲಿನಲ್ಲಿ ಬಂದರು. ಹಸು ಕರು ಹಾಕಿತಂತೆ, ಹೆಣ್ಣುಗರು. ಒಂದು ಸ್ಟೀಲ್ ಡಬ್ಬಿಯನ್ನು ನನ್ನ ಕೈಗಿತ್ತರು. ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು, ಇನ್ನೂ ಬೆಚ್ಚಗಿತ್ತು. ಮಾವ ಕಂಪ್ಯೂಟರ್ ಕಡೆಗೆ ತಿರುಗಿ 47 ಎಂದು ಒತ್ತಿ ನೋಡಿದರು. ಪಟ್ಟಿ ಖಾಲಿ ಇತ್ತು. ಗಿಣ್ಣುಹಾಲನ್ನು ಡೈರಿಗೆ ಹಾಕುವಂತಿಲ್ಲ.